ಅಣ್ಣ ಯಾಕೆ ಹೊರಗೆ ನಿಂತ?

ಇವತ್ತಿನ ವಾಕ್ಯಭಾಗ ಲೂಕನ ಸುವಾರ್ತೆ 15ನೇ ಅಧ್ಯಾಯ, 11ರಿಂದ 32ನೇ ವಚನ. ಮನೆ ಬಿಟ್ಟುಹೋದ ಕಿರಿಯ ಮಗನ ಕಥೆ ಎಲ್ಲರಿಗೂ ಗೊತ್ತು. ಇವತ್ತು ಅವನ ಅಣ್ಣನನ್ನೂ ಸ್ವಲ್ಪ ನೋಡೋಣ.

ನಿಮ್ಮಲ್ಲಿ ಬಹಳ ಜನ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಬೆಂಗಳೂರು, ಪುಣೆಗೆ ಕೆಲಸಕ್ಕೆ ಬಂದವರು. ರಾತ್ರಿ ಊರಿಂದ ಫೋನ್ ಬರ್ತದೆ. "ಏನ್ ಮಾಡ್ಲಿ ಯಪ್ಪಾ, ನಿನ್ನ ತಮ್ಮ ಸಾಲಿಗೆ ಹೋಗವಲ್ಲ, ಮಾತು ಕೇಳವಲ್ಲ" ಅಂತ ಅವ್ವ ಅಳ್ತಾಳೆ. ಆಗ ನಾವು ಏನ್ ಮಾಡ್ತೀವಿ? ತಮ್ಮನಿಗೆ ಬೈತೀವಿ, ಇಲ್ಲಾಂದ್ರೆ ದುಡ್ಡು ಕಳಿಸಿ ಸುಮ್ಮನಾಗ್ತೀವಿ.

ನಾನು ಎರಡನ್ನೂ ಮಾಡಿದೆ. ನನ್ನ ತಮ್ಮ ಹತ್ತನೇ ಕ್ಲಾಸ್ ಫೇಲಾದಾಗ ಆರು ತಿಂಗಳು ಅವನ ಹತ್ರ ಮಾತಾಡಲಿಲ್ಲ. ಆಮೇಲೆ ಅವನು ಮಾಡಿದ ಸಾಲ ಎರಡು ಸಲ ತೀರಿಸಿದೆ. ಮೂರನೇ ಸಲ ಸಾಲ ಕೊಟ್ಟವನು ನೇರವಾಗಿ ನನಗೇ ಫೋನ್ ಮಾಡಿದ. ಅವತ್ತು ಗೊತ್ತಾಯ್ತು: ತಮ್ಮನ ಜವಾಬ್ದಾರಿಯನ್ನ ನಾನು ಹೊತ್ತುಕೊಂಡಿದ್ದೆ, ತಮ್ಮನನ್ನ ಮಾತ್ರ ಹೊರಗಿಟ್ಟಿದ್ದೆ.

ಆ ತಂದೆಯನ್ನ ನೋಡಿ. ದೂರದೇಶದಲ್ಲಿ ಬರ ಬಂದು ಮಗ ಹಂದಿ ಕಾಯುವ ಸ್ಥಿತಿಗೆ ಬಂದಾಗ ತಂದೆ ಹಣ ಕಳಿಸಿದ ಅಂತ ಕಥೆಯಲ್ಲಿ ಇಲ್ಲ. ಆದ್ರೆ ಅವನು ತಿರುಗಿ ಬರುವಾಗ ದೂರದಿಂದಲೇ ಗುರುತಿಸಿ ಓಡಿದ. ಮಾಡಿದ್ದರ ಫಲವನ್ನ ಮಗ ಅನುಭವಿಸಲಿ ಅಂತ ಬಿಟ್ಟ, ಬಾಗಿಲು ಮಾತ್ರ ಮುಚ್ಚಲಿಲ್ಲ.

ಇಂಡಿ ಕಡೆಯ ಲಿಂಬೆ ತೋಟದವರಿಗೆ ಇದು ಬೇಗ ತಿಳೀತದೆ. ಗಿಡ ಹೂ ಬಿಡಲಿ ಅಂತ ರೈತ ಕೆಲವು ದಿನ ನೀರು ನಿಲ್ಲಿಸ್ತಾನೆ. ಎಲೆ ಬಾಡಿದ ಮೇಲೆ ಗೊಬ್ಬರ ಕೊಟ್ಟು ಮತ್ತೆ ನೀರು ಬಿಡ್ತಾನೆ. ಆದ್ರೆ ನೀರು ನಿಲ್ಲಿಸಿದವನು ತೋಟ ಬಿಟ್ಟು ಹೋಗಲ್ಲ, ಗಿಡ ನೋಡ್ತಾನೇ ಇರ್ತಾನೆ.

ಈಗ ಅಣ್ಣ. ಅವನು ಒಳಗೆ ಬರಲಿಲ್ಲ. ತಂದೆಯ ಮುಂದೆ "ನನ್ನ ತಮ್ಮ" ಅನ್ನಲೂ ಇಲ್ಲ, ನಿನ್ನ ಮಗ ಅಂದ. ಆ ಸಂಬಂಧವನ್ನ ತಂದೆಯೇ ನೆನಪಿಸಬೇಕಾಯ್ತು. ಬಸವನ ಬಾಗೇವಾಡಿಯವರಿಗೆ ಇನ್ನೊಂದು ನೆನಪಿದೆ. ಬಸವಣ್ಣನವರು ಎಳೆಯ ವಯಸ್ಸಿನಲ್ಲಿ ಜನಿವಾರ ಬೇಡ ಅಂದು ಮನೆ ಬಿಟ್ಟಾಗ ಅಕ್ಕ ನಾಗಮ್ಮ ಅವರ ಪಕ್ಕ ನಿಂತರು ಅಂತ ನಮ್ಮ ನಾಡು ಹೇಳ್ತದೆ. ಎದುರು ಮಾತಾಡುವ ಹುಡುಗರೆಲ್ಲ ಕೆಟ್ಟವರಲ್ಲ. ಪಕ್ಕದಲ್ಲಿ ನಿಲ್ಲುವವರು ಬೇಕು.

ಹಾಗಾದ್ರೆ ಈ ವಾರದಿಂದ ಮೂರು ಕೆಲಸ ಮಾಡಿ.

ಒಂದು, ಅವನ ಕೆಲಸ ಅವನಿಗೇ ಕೊಡಿ. ಹತ್ತನೇ ಕ್ಲಾಸಿನ ಮರುಪರೀಕ್ಷೆಯ ಅರ್ಜಿಯನ್ನ ಅವನೇ ತುಂಬಲಿ. 10 ವರ್ಷ ತುಂಬಿದವರು ತಾವೇ ನಡೆಸುವ ಉಳಿತಾಯ ಖಾತೆ ತೆರೆಯೋದಕ್ಕೆ ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಅವಕಾಶ ಇದೆ. ತಿಂಗಳಿಗೆ ಒಂದೇ ಸಲ ಹಾಕಿ. 20ನೇ ತಾರೀಖಿಗೆ ಖಾಲಿಯಾದ್ರೆ ಉಳಿದ ಹತ್ತು ದಿನ ಅವನೇ ದೂಗಿಸಲಿ.

ಎರಡು, ವಯಸ್ಸಿಗೆ ಮೀರಿದ್ದನ್ನ ಕೊಡಬೇಡಿ. ಮುದ್ದು ಮಾಡಿ ಬೈಕಿನ ಕೀಲಿ ಕೊಡ್ತೀವಿ. 18 ತುಂಬದವನು ಓಡಿಸಿ ಅಪರಾಧವಾದ್ರೆ, 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಂತೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 3 ವರ್ಷದ ತನಕ ಜೈಲು, 25,000 ರೂಪಾಯಿ ದಂಡ ಆಗಬಹುದು. ಆ ಹುಡುಗನಿಗೆ 25 ವರ್ಷದ ತನಕ ಲೈಸೆನ್ಸ್ ಸಿಗಲ್ಲ.

ಮೂರು, ಪ್ರತಿ ಭಾನುವಾರ ನೀವೇ ಫೋನ್ ಮಾಡಿ. ಮಾರ್ಕ್ಸ್ ಬಗ್ಗೆ ಅಲ್ಲ, "ಊಟ ಆಯ್ತೇನೋ ತಮ್ಮಾ" ಅಂತ ಶುರುಮಾಡಿ. ಅವನು ಸಾಯುವ ಮಾತಾಡಿದ್ರೆ ಶಿಸ್ತಿನ ಪಾಠ ಅಲ್ಲಿಗೇ ನಿಲ್ಲಿಸಿ. ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098, ಎರಡೂ ಉಚಿತ. ಪ್ರಾರ್ಥನೆಯನ್ನೂ ಮಾಡಿ, ಡಾಕ್ಟರ ಹತ್ರಾನೂ ಕರ್ಕೊಂಡು ಹೋಗಿ.

ನನ್ನ ತಮ್ಮನ ಸಾಲ ಇನ್ನೂ ತೀರಿಲ್ಲ. ತಿಂಗಳಿಗೆ ಐನೂರು ರೂಪಾಯಿ ಅವನೇ ಕಟ್ತಾನೆ. ಕಟ್ಟಿದ ದಿನ ನನಗೆ ಫೋನ್ ಮಾಡ್ತಾನೆ. ಆ ಫೋನಿಗಾಗಿ ನಾನು ದೇವರಿಗೆ ಸ್ತೋತ್ರ ಹೇಳ್ತೀನಿ.

ಅಣ್ಣ ಕೊನೆಗೆ ಒಳಗೆ ಬಂದನಾ? ಯೇಸು ಅದನ್ನ ಹೇಳಲಿಲ್ಲ. ನಮ್ಮ ನಮ್ಮ ಮನೆಯಲ್ಲಿ ಆ ಉತ್ತರ ನಾವೇ ಕೊಡಬೇಕು. ಕಣ್ಣು ಮುಚ್ಚಿ, ಒಬ್ಬರ ಹೆಸರು ಹೇಳಿ ಪ್ರಾರ್ಥಿಸೋಣ. ಆಮೆನ್.