ತೋಲಾ ನಿಲ್ಲಿಸಿದ ಕಲ್ಲು

ಮಕ್ಕಳೇ, ಸ್ಟಾಕ್‌ಹೋಮಿನ ಪಶ್ಚಿಮಕ್ಕೆ ಮೇಲಾರೆನ್ ಸರೋವರದ ದಡದಲ್ಲಿ ಮರಿಯೆಫ್ರೆಡ್ ಎಂಬ ಪುಟ್ಟ ಊರಿದೆ. ಅಲ್ಲಿನ ಗ್ರಿಪ್ಸ್‌ಹೋಲ್ಮ್ ಕೋಟೆಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಕೋಟೆಯ ಹೊರಗೆ ಹೆಚ್ಚುಕಡಿಮೆ ಆಳೆತ್ತರದ ಒಂದು ಕಲ್ಲಿದೆ. ಐಸ್‌ಕ್ರೀಮ್ ಹಿಡಿದುಕೊಂಡು ಅದರ ಪಕ್ಕದಲ್ಲೇ ಓಡಿಹೋಗುವವರು ಬಹಳ. ಮುಂದಿನ ಸಲ ಹೋದಾಗ ಸ್ವಲ್ಪ ನಿಂತು ನೋಡಿ. ಸುಮಾರು ಸಾವಿರ ವರ್ಷಗಳ ಹಿಂದೆ ತೋಲಾ ಎಂಬ ತಾಯಿ ತನ್ನ ಮಗ ಹರಾಲ್ಡನ ನೆನಪಿಗಾಗಿ ನಿಲ್ಲಿಸಿದ ಕಲ್ಲು ಅದು.

ಹಾವಿನಂತೆ ಸುತ್ತಿಕೊಂಡ ಪಟ್ಟಿಯೊಳಗೆ ಕೆತ್ತಿರುವುದು ರೂನ್ ಲಿಪಿ. ಹರಾಲ್ಡ್ ಇಂಗ್ವಾರ್ ಎಂಬ ನಾಯಕನ ಸಹೋದರ ಎಂದು ಅದರಲ್ಲಿ ಬರೆದಿದೆ. ಇಂಗ್ವಾರನು ಹಡಗುಗಳಲ್ಲಿ ಪಡೆಯನ್ನು ಕಟ್ಟಿಕೊಂಡು ಪೂರ್ವಕ್ಕೆ ಹೊರಟ. ರಷ್ಯಾದ ನದಿಗಳನ್ನು ಹಿಡಿದು ಕ್ಯಾಸ್ಪಿಯನ್ ಸಮುದ್ರದ ಕಡೆಗೆ ಹೋಗಿರಬೇಕೆಂದು ವಿದ್ವಾಂಸರ ಊಹೆ. ಐಸ್‌ಲ್ಯಾಂಡಿನ ಹಳೆಯ ಬರಹಗಳ ಪ್ರಕಾರ ಅವನು ಸತ್ತದ್ದು 1041ರಲ್ಲಿ. ಅವರು ಚಿನ್ನಕ್ಕಾಗಿ ಹೋದರೆಂಬುದನ್ನು ಕಲ್ಲು ಮುಚ್ಚಿಡುವುದಿಲ್ಲ. ಆ ಪ್ರಾಮಾಣಿಕತೆ ನನಗೆ ಇಷ್ಟ. ಸತ್ತ ಜಾಗವನ್ನು ಸೆರ್ಕ್‌ಲಾಂಡ್ ಎನ್ನುತ್ತದೆ. ಅಂದರೆ ಮುಸ್ಲಿಮರ ನಾಡು.

ಈ ಒಂದೇ ಪ್ರಯಾಣದಲ್ಲಿ ಸತ್ತವರಿಗಾಗಿ ಮೇಲಾರೆನ್ ಸುತ್ತಮುತ್ತ ಸುಮಾರು 26 ಕಲ್ಲುಗಳಿವೆ. ಒಂದನ್ನು ಮಕ್ಕಳು ನಿಲ್ಲಿಸಿದರೆ, ಇನ್ನೊಂದನ್ನು ಅಣ್ಣತಮ್ಮಂದಿರು. ಶವ ಮನೆಗೆ ಬರಲಿಲ್ಲ, ಸಮಾಧಿ ಕಟ್ಟಲು ಏನೂ ಇಲ್ಲ. ಉಳಿದದ್ದು ಹೆಸರೊಂದೇ. ಅದನ್ನು ದಾರಿಹೋಕರು ಓದುವಂತೆ ಕಲ್ಲಿನಲ್ಲಿ ಕೆತ್ತಿಸಿದರು. ಆದರೆ ತೋಲಾಳ ಕಲ್ಲಿಗೆ ಬಂದ ಗತಿ ನೋಡಿ: ಮುಂದೆ ಕೋಟೆ ಕಟ್ಟಿದವರು ಅದನ್ನೂ ಕಟ್ಟಡಕ್ಕೆ ಬಳಸಿಬಿಟ್ಟರು. 1820ರ ದಶಕದಲ್ಲಿ ಸಿಕ್ಕಾಗ ಅದು ನೆಲಮಾಳಿಗೆಯ ಹೊಸ್ತಿಲಾಗಿತ್ತು!

ಕರ್ನಾಟಕದ ಹಳ್ಳಿಗಳಲ್ಲಿ ನೀವು ವೀರಗಲ್ಲು ನೋಡಿದ್ದೀರಲ್ಲ? ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ಸೂರ್ಯ ಚಂದ್ರರು. ಇವುಗಳಲ್ಲಿ ಹಲವು, ಊರಿನ ದನಗಳನ್ನು ಕಾಯಲು ಹೋಗಿ ಊರ ಹತ್ತಿರವೇ ಸತ್ತವರ ಕಲ್ಲುಗಳು. ಹಾಗಾದರೆ ಕಡಲಾಚೆ ಸತ್ತ ನಮ್ಮವರು?

ಅವರಿಗೂ ಒಂದು ಕಲ್ಲಿದೆ, ಬೆಂಗಳೂರಿನ ಜೆ.ಸಿ. ನಗರದಲ್ಲಿ. ಮೊದಲನೆಯ ಮಹಾಯುದ್ಧಕ್ಕೆ 1914ರಲ್ಲಿ ಹೊರಟ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ಪಡೆಯ ಸ್ಮಾರಕ ಅದು. ಈಟಿ ಹಿಡಿದ ಈ ಸವಾರರು ಈಜಿಪ್ಟಿನ ಸೂಯೆಜ್ ಕಾಲುವೆಯ ಬಳಿ, ಆಮೇಲೆ ಪ್ಯಾಲೆಸ್ಟೈನಿನಲ್ಲಿ ಕಾದಾಡಿದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣಕ್ಕೆ ಜೋಧಪುರದ ಸವಾರರು ನೇರವಾಗಿ ನುಗ್ಗಿದರು. ಮೈಸೂರಿನವರಲ್ಲಿ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ಏರು ಹತ್ತಿ, ಮೇಲಿದ್ದ ತೋಪುಗಳ ಮೇಲೆ ಬಿತ್ತು. ಎದುರಿಗಿದ್ದದ್ದು ಮೆಷಿನ್ ಗನ್. ಆದರೂ ಪಟ್ಟಣ ಅಂದೇ ಕೈವಶವಾಯಿತು. ದೆಹಲಿಯ ತೀನ್ ಮೂರ್ತಿಯ ಮೂವರು ಸೈನಿಕರು ಮೈಸೂರು, ಜೋಧಪುರ, ಹೈದರಾಬಾದ್ ಪಡೆಗಳವರು. ದೆಹಲಿಯ ಪ್ರತಿಮೆಗಳ ಫೋಟೋ ಎಲ್ಲರೂ ತೆಗೆಯುತ್ತಾರೆ. ಜೆ.ಸಿ. ನಗರದ ಸ್ಮಾರಕವನ್ನು ನಾನು ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೆ, ಇಳಿದು ಓದಿರಲಿಲ್ಲ. ಓದುವ ಆಸೆ ಹುಟ್ಟಿದ್ದು ಇಲ್ಲಿ, ತೋಲಾಳ ಕಲ್ಲಿನ ಮುಂದೆ.

ಅದರಲ್ಲಿ ಸತ್ತವರ ಹೆಸರುಗಳಿವೆ. ತೋಲಾಳಂತೆ ಅವರ ತಾಯಂದಿರ ಹೆಸರುಗಳಿಲ್ಲ. ಬೇಸಿಗೆ ರಜೆಗೆ ಬೆಂಗಳೂರಿಗೆ ಹೋಗುವವರು ಅಜ್ಜನನ್ನೋ ಮಾವನನ್ನೋ ಕರೆದುಕೊಂಡು ಹೋಗಿ, ಆ ಹೆಸರುಗಳನ್ನು ಗಟ್ಟಿಯಾಗಿ ಓದಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬನ್ನಿ. ಆಗಸ್ಟಿನ ಮೊದಲ ತರಗತಿಯಲ್ಲಿ ಕನ್ನಡದಲ್ಲೂ ರೂನ್ ಲಿಪಿಯಲ್ಲೂ ಬರೆದು ನೋಡೋಣ.