ಹೊಗೆ ಯಂತ್ರ ಬಂತು, ಸೊಳ್ಳೆ ಹೋಯಿತೇ?



ಮಳೆಗಾಲ ಶುರುವಾಗಿ ಒಂದು ತಿಂಗಳಾಗುವಷ್ಟರಲ್ಲಿ ಸಂಘದ ಸಭೆಗಳಲ್ಲಿ ನಮಗೆ ಕೇಳುವ ಮಾತು ಒಂದೇ: “ಸಿಸ್ಟರ್, ಪಂಚಾಯತಿಗೆ ಹೇಳಿ ಒಮ್ಮೆ ಹೊಗೆ ಬಿಡಿಸಿ.” ಘಟ್ಟದ ಬುಡದ ಒಂದು ಗ್ರಾಮದ ಸಂಘದವರು ಇನ್ನೂ ಮುಂದೆ ಹೋಗಿ, “ನಮ್ಮ ಉಳಿತಾಯದ ಹಣದಲ್ಲಿ ನಾವೇ ಒಂದು ಹೊಗೆ ಯಂತ್ರ ತೆಗೆದುಕೊಳ್ಳೋಣ, ಬೇರೆಯವರಿಗೆ ಬಾಡಿಗೆಗೂ ಕೊಡಬಹುದಲ್ವಾ?” ಎಂದರು. ಆ ಸಂಘದ ಇಬ್ಬರು ಸದಸ್ಯೆಯರ ಮಕ್ಕಳು ಡೆಂಗ್ಯೂ ಬಂದು ಆಸ್ಪತ್ರೆ ಸೇರಿದ್ದರು. ಒಬ್ಬರು ಅದಕ್ಕಾಗಿ ತೆಗೆದ ಸಾಲದ ಕಂತು ಇನ್ನೂ ಕಟ್ಟುತ್ತಿದ್ದರು. ಹಾಗಾಗಿ ಆ ಮಾತನ್ನು ಸುಮ್ಮನೆ ತಳ್ಳಿಹಾಕುವ ಹಾಗಿರಲಿಲ್ಲ. “ಮೊದಲು ಯಂತ್ರದ ಬಗ್ಗೆ ತಿಳಿದುಕೊಳ್ಳೋಣ, ಆಮೇಲೆ ನಿರ್ಣಯ ಬರೆಯೋಣ” ಎಂದೆವು. ಅಂದು ಕಲಿತದ್ದೇ ಈ ತಿಂಗಳ ಪಾಠ.

ಯಂತ್ರ ಕೆಲಸ ಮಾಡುವುದು ಹೇಗೆ?

ಹೆಗಲಿಗೆ ಹಾಕಿಕೊಂಡು ಸದ್ದು ಮಾಡುತ್ತಾ ಬರುವ ಯಂತ್ರವನ್ನು ನೀವು ನೋಡಿದ್ದೀರಿ. ಅದರಲ್ಲಿ ಪೆಟ್ರೋಲಿನಿಂದ ಓಡುವ ಸಣ್ಣ ಇಂಜಿನ್ ಇದೆ. ಉದ್ದ ಕೊಳವೆಯಲ್ಲಿ ಬಿಸಿ ಗಾಳಿ ಜೋರಾಗಿ ನುಗ್ಗುತ್ತದೆ. ಕೊಳವೆಯ ತುದಿಯಲ್ಲಿ ಡೀಸೆಲ್ ಅಥವಾ ಸೀಮೆಎಣ್ಣೆಗೆ ಬೆರೆಸಿದ ಕೀಟನಾಶಕ ಆ ಬಿಸಿಗೆ ಬೀಳುತ್ತದೆ. ಕೂಡಲೇ ಅದು ಆವಿಯಾಗಿ, ಹೊರಗಿನ ತಂಪು ಗಾಳಿ ತಾಗಿದಾಗ ಬಹಳ ಸಣ್ಣ ಹನಿಗಳಾಗುತ್ತದೆ. ನಮ್ಮ ಕಣ್ಣಿಗೆ ಬಿಳಿ ಹೊಗೆಯ ಹಾಗೆ ಕಾಣುವುದು ಇದೇ. ನಿಜವಾಗಿ ಅದು ಹೊಗೆಯಲ್ಲ, ಎಣ್ಣೆಯ ಮಂಜು.

ಹೊಗೆ ದಪ್ಪಗಿದ್ದರೆ ಔಷಧ ಜಾಸ್ತಿ ಇದೆ ಎಂದು ತಿಳಿಯಬೇಡಿ. ಮನೆಯೊಳಗೆ ಸಿಂಪಡಿಸಲು ಬಳಸುವ ಪೈರೆತ್ರಮ್ ಔಷಧವನ್ನೇ ನೋಡಿ. 1 ಲೀಟರ್ ಔಷಧಕ್ಕೆ 19 ಲೀಟರ್ ಸೀಮೆಎಣ್ಣೆ ಬೆರೆಸುತ್ತಾರೆ. ಅಂದರೆ ಹೆಚ್ಚಿನ ಪಾಲು ಎಣ್ಣೆಯೇ.

ಹೊಗೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ?

ಆ ಹನಿ ತಾಗಿದ ಸೊಳ್ಳೆ ಸಾಯುತ್ತದೆ. ಊರಲ್ಲಿ ಡೆಂಗ್ಯೂ ಹರಡುತ್ತಿರುವಾಗ ರೋಗಾಣು ಹೊತ್ತ ಸೊಳ್ಳೆಗಳನ್ನು ಬೇಗ ಕಡಿಮೆ ಮಾಡಲು ಇದು ಬೇಕಾಗುತ್ತದೆ. ಆದರೆ ಮಂಜು ಕರಗಿದ ಮೇಲೆ ಅದರ ಶಕ್ತಿಯೂ ಮುಗಿಯಿತು. ನೀರಿನಲ್ಲಿರುವ ಮೊಟ್ಟೆಗೂ ಮರಿಹುಳಕ್ಕೂ ಅದರಿಂದ ಏನೂ ಆಗುವುದಿಲ್ಲ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಇವತ್ತು ಹೊಗೆ ಬಿಟ್ಟರೆ ಮುಂದಿನ ವಾರ ಹೊಸ ಸೊಳ್ಳೆ ಹಾಜರ್!

ಇನ್ನೊಂದು ವಿಷಯ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಅದು ಮಂಚದ ಕೆಳಗೆ, ನೇತುಹಾಕಿದ ಬಟ್ಟೆಯ ಹಿಂದೆ, ಮನೆಯ ಕತ್ತಲ ಮೂಲೆಯಲ್ಲಿ ಕೂರುತ್ತದೆ. ರಸ್ತೆಯಲ್ಲಿ ಬಿಟ್ಟ ಹೊಗೆ ಅಲ್ಲಿಗೆ ತಲುಪುವುದು ಕಷ್ಟ. ಗಾಳಿ ಜೋರಿದ್ದರೆ ಹೊಗೆ ಹಾರಿಹೋಗುತ್ತದೆ, ಮಳೆ ಬಂದರೆ ತೊಳೆದುಹೋಗುತ್ತದೆ, ನಡುಮಧ್ಯಾಹ್ನದ ಬಿಸಿಲಿಗೆ ಮೇಲಕ್ಕೆ ಏರುತ್ತದೆ. ಬೆಳಗಿನ ಅಥವಾ ಸಂಜೆಯ ತಂಪು ಹೊತ್ತೇ ಸರಿ. ಒಂದೇ ಔಷಧವನ್ನು ಪದೇಪದೇ ಬಳಸಿದರೆ ಸೊಳ್ಳೆಗೆ ಅದು ಒಗ್ಗಿಹೋಗುತ್ತದೆ. ಜೇನುನೊಣ ಮತ್ತು ಮೀನುಗಳಿಗಂತೂ ಇದು ವಿಷ.

ನಾವೂ ಒಂದು ತಪ್ಪು ಮಾಡಿದ್ದೇವೆ. ಕೆಲವು ವರ್ಷಗಳ ಹಿಂದೆ ಇದೇ ಗ್ರಾಮದಲ್ಲಿ ನಾವೇ ಮುಂದೆ ನಿಂತು ಮನವಿ ಕೊಟ್ಟು ಹೊಗೆ ಬಿಡಿಸಿದ್ದೆವು. ಎಲ್ಲರಿಗೂ ಸಮಾಧಾನವಾಯಿತು, ನಮಗೂ ಆಯಿತು. ಆ ಸಮಾಧಾನದಲ್ಲಿ ಯಾರೂ ತಮ್ಮ ಹಿತ್ತಲು ನೋಡಲಿಲ್ಲ. ಎರಡು ವಾರದೊಳಗೆ ಮತ್ತೆ ಜ್ವರ ಬಂತು.

ಹೊಗೆ ಬಿಡುವ ದಿನ ಗಮನಿಸಿ

1. ರಸ್ತೆಯಲ್ಲಿ ಹೊಗೆ ಬಿಡುವಾಗ ಬಾಗಿಲು, ಕಿಟಕಿ ತೆರೆದಿಡಿ. ಮುಚ್ಚಿದರೆ ಒಳಗಿನ ಸೊಳ್ಳೆ ಉಳಿಯುತ್ತದೆ.
2. ಅದಕ್ಕೆ ಮೊದಲೇ ಅಡುಗೆ, ಕುಡಿಯುವ ನೀರು, ದನಕರುಗಳ ಮೇವು ಮುಚ್ಚಿಡಿ.
3. ಕೂಸುಗಳು, ಗರ್ಭಿಣಿಯರು, ದಮ್ಮು ಇರುವವರು ದೂರ ಇರಲಿ. ಮಕ್ಕಳು ಹೊಗೆಯ ಹಿಂದೆ ಓಡುವುದು ಆಟವಲ್ಲ, ತಡೆಯಿರಿ.
4. ಮನೆಯೊಳಗೆ ಬಿಡುವುದಾದರೆ ಒಲೆ, ಗ್ಯಾಸ್, ದೀಪ ಆರಿಸಿ, ಮೈನ್ ಸ್ವಿಚ್ ಬಂದ್ ಮಾಡಿ. ಎಣ್ಣೆಯ ಮಂಜಿಗೆ ಬೆಂಕಿ ಹತ್ತಿಕೊಳ್ಳಬಹುದು. ಎಲ್ಲರೂ ಹೊರಗೆ ಬಂದು, ಕಡಿಮೆಯೆಂದರೆ ಅರ್ಧ ಗಂಟೆ ಬಿಟ್ಟು, ಬಾಗಿಲು ತೆರೆದು ಗಾಳಿಯಾಡಿಸಿದ ಮೇಲೆ ಒಳಗೆ ಹೋಗಿ.
5. ಯಂತ್ರ ಹಿಡಿದವರಿಗೆ ಮಾಸ್ಕ್, ಕೈಗವಸು ಇದೆಯೇ ನೋಡಿ. ಅವರೂ ಯಾರದೋ ಮನೆಯ ಮಗ.

ಹೊಗೆ ಇಲ್ಲದ ಕೆಲಸ

ಈ ಸೊಳ್ಳೆ ದೂರದ ಚರಂಡಿಯಿಂದ ಬರುವುದು ಕಡಿಮೆ. ನಮ್ಮ ಮನೆಯ ಸುತ್ತ ನಿಂತ ಚೊಕ್ಕ ನೀರೇ ಅದರ ತೊಟ್ಟಿಲು. ತೆಂಗಿನ ಗೆರಟೆ, ಬಿದ್ದ ಅಡಿಕೆ ಹಾಳೆ, ಹಳೆ ಟಯರ್, ಟಾರ್ಪಾಲಿನ ಮಡಿಕೆ, ಹೂಕುಂಡದ ತಟ್ಟೆ, ಫ್ರಿಜ್‌ನ ಹಿಂದಿನ ತಟ್ಟೆ, ಮುಚ್ಚಳ ಇಲ್ಲದ ಡ್ರಮ್, ರಬ್ಬರ್ ತೋಟದ ಕಪ್ — ಎಲ್ಲ ಕಡೆ ನೋಡಬೇಕು.

ನೀರು ಚೆಲ್ಲಿದರೆ ಮಾತ್ರ ಸಾಲದು, ಒಳಗಿನ ಗೋಡೆಯನ್ನು ತಿಕ್ಕಿ ತೊಳೆಯಬೇಕು. ಮೊಟ್ಟೆ ಪಾತ್ರೆಯ ಬದಿಗೆ ಅಂಟಿಕೊಂಡಿರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ಬಿದ್ದಾಗ ಒಡೆಯುತ್ತದೆ. ವಾರಕ್ಕೊಮ್ಮೆ ಹೀಗೆ ಮಾಡಿದರೆ ಹುಳ ಸೊಳ್ಳೆಯಾಗುವ ಮೊದಲೇ ಸಾಯುತ್ತದೆ. ಖಾಲಿ ಮಾಡಲಾಗದ ಬಾವಿ, ತೊಟ್ಟಿಗೆ ಗಪ್ಪಿ ಮೀನು ಬಿಡಬಹುದೇ ಎಂದು ಆರೋಗ್ಯ ಕಾರ್ಯಕರ್ತೆಯರಲ್ಲಿ ಕೇಳಿ.

ಆ ಸಂಘ ಏನು ನಿರ್ಣಯಿಸಿತು?

ಯಂತ್ರ ಬೇಡವೆಂದು ಬರೆದರು. ಔಷಧ, ಇಂಧನ, ರಿಪೇರಿಯ ಖರ್ಚು ನಿಲ್ಲುವುದಿಲ್ಲ. ತರಬೇತಿ ಇಲ್ಲದವರು ಅಂಥ ವಿಷವನ್ನು ಮುಟ್ಟಲೂ ಬಾರದು. ಬದಲಿಗೆ ಇಬ್ಬಿಬ್ಬರ ಜೋಡಿ ಮಾಡಿ, ಹತ್ತು ಹತ್ತು ಮನೆ ಹಂಚಿಕೊಂಡು, ವಾರಕ್ಕೊಂದು ದಿನ ನೋಡಲು ಹೊರಟರು. ಮೊದಲ ದಿನವೇ ಹುಳ ಸಿಕ್ಕಿದ್ದು ಅಧ್ಯಕ್ಷೆಯ ಬಚ್ಚಲಿನ ಡ್ರಮ್ಮಿನಲ್ಲಿ! ಅವರು ನಾಚಿಕೊಳ್ಳದೆ ಎಲ್ಲರನ್ನೂ ಕರೆದು ತೋರಿಸಿದರು.

ಕಷ್ಟವಾದದ್ದು ಪಕ್ಕದ ರಬ್ಬರ್ ತೋಟ. ಮಳೆಗೆ ಟ್ಯಾಪಿಂಗ್ ನಿಂತು, ಕಪ್ಪುಗಳಲ್ಲೆಲ್ಲಾ ನೀರು ತುಂಬಿತ್ತು. ಅಲ್ಲಿ ಕೆಲಸಕ್ಕೆ ಹೋಗುವ ಸದಸ್ಯೆಗೆ ಧಣಿಯ ಹತ್ತಿರ ಹೇಳಲು ಹೆದರಿಕೆ. “ನನ್ನ ಕೆಲಸ ಹೋದರೆ ಕಂತು ಯಾರು ಕಟ್ಟೋದು?” ಎಂದರು. ಕೊನೆಗೆ ಅವರನ್ನು ಮುಂದೆ ನಿಲ್ಲಿಸದೆ, ಸಂಘದ ಹೆಸರಿನಲ್ಲಿ ಎಲ್ಲರೂ ಆಶಾ ಕಾರ್ಯಕರ್ತೆಯ ಜೊತೆ ಹೋದರು. ಕಪ್ ಕವುಚಿ ಹಾಕುವ ಕೆಲಸಕ್ಕೆ ಧಣಿ ಒಪ್ಪಿದರು, ಅದಕ್ಕೆ ಎರಡು ದಿನದ ಕೂಲಿಯೂ ಸಿಕ್ಕಿತು. ಒಬ್ಬಳ ಬಾಯಿಗೆ ಬಾರದ ಮಾತು ಸಂಘದ ಬಾಯಿಗೆ ಬರುತ್ತದೆ.

ಕಾನೂನೂ ನೆನಪಿರಲಿ. 2024ರಲ್ಲಿ ಕರ್ನಾಟಕ ಸರಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡದ ನಿಯಮ ತಂದಿತು. ಮನೆಗಳಿಗೆ ಹಳ್ಳಿಯಲ್ಲಿ 200, ನಗರದಲ್ಲಿ 400 ರೂಪಾಯಿ. ದಂಡ ಕಟ್ಟುವುದಕ್ಕಿಂತ ಡ್ರಮ್ ತಿಕ್ಕುವುದು ಸುಲಭ ಅಲ್ವಾ?

ಇಷ್ಟಾದರೂ ಜ್ವರ ಬರಬಹುದು. ಬಂದರೆ ಆಸ್ಪಿರಿನ್, ಬ್ರೂಫೆನ್ ಮಾತ್ರೆ ಬೇಡ. ಜ್ವರ ಇಳಿಯುವ ಹೊತ್ತಿಗೆ ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ತೀರಾ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಸಭೆಯಲ್ಲಿ ಚರ್ಚಿಸೋಣ

1. ನಮ್ಮ ವಠಾರದಲ್ಲಿ ನೀರು ನಿಲ್ಲುವ ಐದು ಜಾಗ ಯಾವುದು?
2. ನಮ್ಮ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯಲ್ಲಿ ನಮ್ಮ ಸಂಘದವರು ಯಾರಿದ್ದಾರೆ? ಅಲ್ಲಿ ಏನು ಕೇಳಬೇಕು?
3. ವಾರದ ಯಾವ ದಿನ, ಯಾವ ಜೋಡಿ, ಯಾವ ಹತ್ತು ಮನೆ?

ಮೂರನೆಯ ಪ್ರಶ್ನೆಯ ಉತ್ತರವನ್ನು ಇವತ್ತೇ ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಮುಂದಿನ ಸಭೆಗೆ ಬಂದಾಗ ನಾವು ಮೊದಲು ಕೇಳುವುದು ಅದನ್ನೇ.