ಯಕ್ಷಿಣಿಗಾರನ ಕಾಯಕ ಮತ್ತು ಅವನ ಸಂಭಾವನೆ

ಇಲ್ಲದ ವಸ್ತುವನ್ನು ಕಣ್ಣೆದುರಿನಲ್ಲಿಯೇ ಉಂಟುಮಾಡಿ, ಇದ್ದ ವಸ್ತುವನ್ನು ಕಾಣದಂತೆ ಮಾಡಿ ಪ್ರೇಕ್ಷಕರನ್ನು ಬೆರಗುಗೊಳಿಸುವ ವಿದ್ಯೆಗೆ ಭಾರತೀಯ ವಾಙ್ಮಯದಲ್ಲಿ ಇಂದ್ರಜಾಲವೆಂದು ಹೆಸರು. ಕನ್ನಡಿಗರು ಇದನ್ನು ಯಕ್ಷಿಣಿ, ಕಣ್ಕಟ್ಟು, ಗಾರುಡಿ, ಮೋಡಿ ಎಂದು ನಾನಾ ಪ್ರಕಾರವಾಗಿ ಕರೆದಿದ್ದಾರೆ. ಈಚೆಗೆ ಜಾದೂ ಎಂಬ ಪಾರಸಿ ಮೂಲದ ಪದವೇ ಹೆಚ್ಚು ಬಳಕೆಯಲ್ಲಿದೆ. ಹೆಸರುಗಳು ಇಷ್ಟಿದ್ದರೂ ಈ ವಿದ್ಯೆಯನ್ನು ಜೀವನೋಪಾಯವಾಗಿ ಅವಲಂಬಿಸಿದವನಿಗೆ ಸಲ್ಲಬೇಕಾದ ಪ್ರತಿಫಲ ಯಾವುದು, ಎಷ್ಟು, ಯಾವ ಬಗೆಯಲ್ಲಿ ಸಲ್ಲಬೇಕು ಎಂಬ ಪ್ರಶ್ನೆಯನ್ನು ವಿಚಾರಿಸುವವರು ವಿರಳ. ಗಾಯಕನ, ನಟನ, ಶಿಲ್ಪಿಯ ಸಂಭಾವನೆಯ ವಿಷಯ ಆಗಾಗ ಚರ್ಚೆಗೆ ಬರುತ್ತದೆ, ಜಾದೂಗಾರನದು ಬರುವುದಿಲ್ಲ. ಪ್ರತಿವರ್ಷವೂ ವಾರ್ಷಿಕೋತ್ಸವಕ್ಕೆ ಅವನನ್ನು ಆಹ್ವಾನಿಸುವ ವಿದ್ಯಾಸಂಸ್ಥೆಗಳ ಮಟ್ಟಿಗಾದರೂ ಈ ಪ್ರಶ್ನೆ ಪರಿಶೀಲನಾರ್ಹವಾದುದು.

ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ಒಂದೆಡೆ ಮಾಯಾವಿಯ ದೃಷ್ಟಾಂತವನ್ನು ತಂದಿದ್ದಾರೆ. ಕತ್ತಿ ಗುರಾಣಿಗಳನ್ನು ಹಿಡಿದು ಹಗ್ಗದ ಮೂಲಕ ಆಕಾಶಕ್ಕೇರುವಂತೆ ಕಾಣುವವನು ಒಬ್ಬ; ನೆಲದ ಮೇಲೆಯೇ ನಿಂತಿರುವ ನಿಜವಾದ ಮಾಯಾವಿ ಬೇರೊಬ್ಬ. ಆಚಾರ್ಯರ ಉದ್ದೇಶ ತತ್ತ್ವನಿರೂಪಣೆ. ಆದರೆ ಆ ದೃಷ್ಟಾಂತದ ಲೌಕಿಕಾರ್ಥವೂ ಉಪೇಕ್ಷಣೀಯವಲ್ಲ. ಜನರು ನೋಡುವುದೂ ಮೆಚ್ಚುವುದೂ ಹಗ್ಗವೇರಿದವನನ್ನು. ಹಸಿವು, ಮನೆಬಾಡಿಗೆ, ಮಕ್ಕಳ ಶಾಲಾಶುಲ್ಕಗಳಿರುವುದು ನೆಲದ ಮೇಲೆ ನಿಂತವನಿಗೆ.

ಜಾದೂಗಾರನಿಗೆ ನ್ಯಾಯವಾದ ಪ್ರತಿಫಲ ದೊರೆಯದಿರಲು ಲೋಭವೊಂದೇ ಕಾರಣವೆನ್ನಲಾಗದು. ಅವನ ಕಲೆಯ ಸ್ವರೂಪದಲ್ಲಿಯೇ ಒಂದು ತೊಡಕುಂಟು. ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ತೂಕಕ್ಕೆ ಬೀಳುತ್ತದೆ, ಹರಾಜಾಗುತ್ತದೆ, ಬೆಲೆ ಎಲ್ಲರೆದುರಿನಲ್ಲಿ ನಿಶ್ಚಿತವಾಗುತ್ತದೆ. ಚನ್ನಪಟ್ಟಣದ ಗೊಂಬೆಯನ್ನು ಕೈಗೆತ್ತಿಕೊಂಡವನಿಗೆ ಆಲೆಮರದ ನುಣುಪು, ಅರಗಿನ ಬಣ್ಣ, ತಿರುಗಣೆಯ ಕೆಲಸ ಕಣ್ಣಿಗೆ ಕಾಣುತ್ತದೆ. ಆ ಕುಶಲಕರ್ಮಿಗೂ ಪೂರ್ಣ ನ್ಯಾಯ ದೊರೆಯುವುದಿಲ್ಲವೆಂಬುದು ಬೇರೆಯ ಮಾತು. ಜಾದೂಗಾರನು ಮಾತ್ರ ಆಟ ಮುಗಿಸಿ ಪೆಟ್ಟಿಗೆ ಕಟ್ಟಿದ ಮೇಲೆ ಹಿಂದೆ ಏನನ್ನೂ ಉಳಿಸಿ ಹೋಗುವುದಿಲ್ಲ. ಅದಕ್ಕಿಂತಲೂ ಮುಖ್ಯವಾದ ಸಂಗತಿಯೆಂದರೆ, ಶ್ರಮವನ್ನು ಮರೆಮಾಡುವುದೇ ಅವನ ವಿದ್ಯೆಯ ಸಾರ. ನಾಣ್ಯವೊಂದನ್ನು ಅಂಗೈಯಲ್ಲಿ ಅಡಗಿಸಿಕೊಂಡು ಬೆರಳುಗಳನ್ನು ಸಹಜವಾಗಿ ಆಡಿಸಲು ತಿಂಗಳುಗಟ್ಟಲೆ ಕನ್ನಡಿಯ ಮುಂದೆ ಅಭ್ಯಾಸ ಮಾಡಬೇಕು. ಅಭ್ಯಾಸದ ಗುರುತು ಕಂಡರೆ ಆಟ ಕೆಟ್ಟಿತು; ಕಾಣದಿದ್ದರೆ ನೋಡಿದವರು ಇದೇನು ಮಹಾ ಕಷ್ಟವೆನ್ನುತ್ತಾರೆ. ಗಾಯಕನು ಬೆವರಿದರೆ ಸಭೆ ಮೆಚ್ಚುತ್ತದೆ. ಇವನು ಬೆವರುವಂತಿಲ್ಲ.

ಹಳ್ಳಿಗಾಡಿನಲ್ಲಿ ಈ ವಿದ್ಯೆಯನ್ನು ಬಹುಕಾಲ ಉಳಿಸಿಕೊಂಡು ಬಂದವರು ಅಲೆಮಾರಿ ಜನ. ಸುಡುಗಾಡುಸಿದ್ಧರು ಜೋಳಿಗೆ ಹೊತ್ತು ಊರೂರು ತಿರುಗಿ ಕೈಚಳಕ ತೋರಿಸಿ ಕಾಳುಕಡ್ಡಿ ಪಡೆಯುತ್ತಿದ್ದರು. ದನಗಳ ಪರಿಷೆ, ರಥೋತ್ಸವ, ವಾರದ ಸಂತೆಗಳು ಮೋಡಿಯವರಿಗೂ ದೊಂಬರಿಗೂ ದುಡಿಮೆಯ ಸ್ಥಳಗಳಾಗಿದ್ದವು. ಇವರಿಗೆ ಟಿಕೀಟಿಲ್ಲ, ಕರಾರಿಲ್ಲ. ನೂರು ಜನ ಸುತ್ತ ನೆರೆದು ನೋಡುತ್ತಾರೆ. ತಟ್ಟೆ ಬರುವ ವೇಳೆಗೆ ಹಿಂದಿನ ಸಾಲು ಕರಗಿರುತ್ತದೆ. ಆದುದರಿಂದಲೇ ಬೀದಿಯ ಯಕ್ಷಿಣಿಗಾರನು ಆಟದ ತುದಿಯ ಭಾಗವನ್ನು ತಡೆಹಿಡಿದು, ಬುಟ್ಟಿಯ ಕೆಳಗೆ ಮಾವಿನ ಸಸಿ ಇನ್ನೇನು ಬೆಳೆಯಬೇಕೆನ್ನುವಾಗ ಕಾಸು ಕೇಳುತ್ತಿದ್ದನು. ಕಾಸು ಕೊಡದೆ ಕದಲಿದವನು ರಕ್ತ ಕಾರಿ ಸಾಯುವನೆಂಬ ಬೆದರಿಕೆಯನ್ನೂ ಹಾಕುತ್ತಿದ್ದನು. ವಿದ್ಯಾವಂತರು ಈ ಬೆದರಿಕೆಯನ್ನು ಮೌಢ್ಯವೆಂದು ಖಂಡಿಸಿದ್ದಾರೆ, ಖಂಡಿಸತಕ್ಕದ್ದೇ. ಆದರೆ ಅದರ ಹುಟ್ಟನ್ನೂ ವಿಚಾರಿಸಬೇಕು. ದುಡಿದುದಕ್ಕೆ ಕೂಲಿ ಪಡೆಯುವ ನೇರವಾದ ದಾರಿ ಇಲ್ಲದವನು ಭಯವನ್ನು ವಸೂಲಿಗಾರನನ್ನಾಗಿ ನೇಮಿಸಿಕೊಂಡಿದ್ದನು.

ಕಾನೂನಾದರೂ ಇವನನ್ನು ದುಡಿಮೆಗಾರನೆಂದು ಎಣಿಸಿತೇ? 1959ರ ಮುಂಬಯಿ ಭಿಕ್ಷಾಟನೆ ತಡೆ ಕಾಯಿದೆಯು ಹಾಡು, ಕುಣಿತ, ಭವಿಷ್ಯ ಹೇಳುವುದು, ಪ್ರದರ್ಶನ ಇವುಗಳ ನೆಪದಲ್ಲಿ ಸಾರ್ವಜನಿಕ ಸ್ಥಳದಲ್ಲಿ ಹಣ ಬೇಡುವುದನ್ನೂ ಭಿಕ್ಷೆಯ ವ್ಯಾಖ್ಯೆಯೊಳಗೆ ಸೇರಿಸಿತು. ಅನಂತರ ಆ ಕಾಯಿದೆ ದೆಹಲಿಗೂ ಅನ್ವಯವಾಯಿತು. ಅಲ್ಲಿಯ ಉಚ್ಚ ನ್ಯಾಯಾಲಯವು 2018ರಲ್ಲಿ ಭಿಕ್ಷಾಟನೆಯನ್ನು ಅಪರಾಧವಾಗಿಸಿದ್ದ ಅದರ ಹಲವು ವಿಧಿಗಳನ್ನು ಅಸಿಂಧುಗೊಳಿಸಿತು. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ, ಜಾನಪದ ಅಥವಾ ಶಾಸ್ತ್ರೀಯ ಪ್ರಕಾರದ ಸಂಗೀತ, ನೃತ್ಯ, ರಂಗಕಲೆಗಳ ಕಲಾವಿದನು ಒಂದು ಪ್ರದರ್ಶನಕ್ಕೆ ಪಡೆಯುವ 1,50,000 ರೂಪಾಯಿ ಮೀರದ ಸಂಭಾವನೆಗೆ ವಿನಾಯಿತಿ ನೀಡಲಾಯಿತು. ಆ ಪಟ್ಟಿಯಲ್ಲಿ ಇಂದ್ರಜಾಲದ ಹೆಸರಿರಲಿಲ್ಲ. ವರ್ಷದ ವಹಿವಾಟು 20 ಲಕ್ಷ ರೂಪಾಯಿಯನ್ನು ಮುಟ್ಟದ ಸಾಮಾನ್ಯ ಜಾದೂಗಾರನಿಗೆ ಇದರಿಂದ ನೇರವಾದ ಬಾಧೆಯಿಲ್ಲ. ಆದರೂ ಹೆಸರು ಬಿಟ್ಟುಹೋದುದು ಒಂದು ಮನೋಧರ್ಮವನ್ನು ಸೂಚಿಸುತ್ತದೆ.

ಕೀರ್ತಿಯು ತಾನಾಗಿಯೇ ಅನ್ನವಾಗುವುದಿಲ್ಲವೆಂಬುದಕ್ಕೆ ರಾಮೋ ಸಾಮಿ ಎಂಬ ಭಾರತೀಯನ ಚರಿತ್ರೆ ನಿದರ್ಶನ. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಇಂಗ್ಲೆಂಡಿಗೆ ಹೋದ ಈತನ ಹೆಸರು ಮೂಲದಲ್ಲಿ ರಾಮಸ್ವಾಮಿ ಎಂದಿದ್ದಿರಬೇಕು. ಲಂಡನ್ನಿನ ರಂಗಮಂದಿರಗಳಲ್ಲಿ ಅವನ ಹೆಸರು ಮನೆಮಾತಾಗಿತ್ತು. ಆ ಕಾಲದ ಪ್ರಸಿದ್ಧ ಪ್ರಬಂಧಕಾರ ಹ್ಯಾಜ್‌ಲಿಟ್ಟನು ಭಾರತೀಯ ಕೈಚಳಕಗಾರರನ್ನು ಕುರಿತು 1821ರ ತನ್ನ ಸಂಕಲನದಲ್ಲಿ ಬರೆಯುತ್ತ, ಆ ಪರಿಪೂರ್ಣತೆಯ ಮುಂದೆ ತನ್ನ ಬರೆವಣಿಗೆ ಏತಕ್ಕೂ ಸಾಲದೆಂದು ನಾಚಿಕೆಪಟ್ಟಿದ್ದಾನೆ. ಇಂತಹ ಮೆಚ್ಚುಗೆಯ ನಡುವೆ ಬಾಳಿದ ರಾಮೋ ಸಾಮಿ 1850ರಲ್ಲಿ ತೀರಿಕೊಂಡಾಗ ಅವನ ಅಂತ್ಯಕ್ರಿಯೆಯ ವೆಚ್ಚಕ್ಕಾಗಿ ಪತ್ನಿಯು ಪತ್ರಿಕೆಯ ಮೂಲಕ ಸಾರ್ವಜನಿಕರ ನೆರವನ್ನು ಯಾಚಿಸಬೇಕಾಯಿತು.

ಇದಕ್ಕೆ ಪ್ರತಿಯಾಗಿ ಬಂಗಾಳದ ಪಿ. ಸಿ. ಸರ್ಕಾರ್ (1913–1971) ಅವರನ್ನು ನೆನೆಯಬಹುದು. ಜಾದೂಗಾರನನ್ನು ಬೀದಿಯಿಂದ ಟಿಕೀಟು ಕೊಂಡು ಪ್ರವೇಶಿಸುವ ರಂಗಮಂದಿರಕ್ಕೆ ತಂದವರಲ್ಲಿ ಅವರು ಅಗ್ರಗಣ್ಯರು. ದೊಡ್ಡ ತಂಡ, ವೇಷಭೂಷಣ, ವಾದ್ಯಮೇಳ, ಟನ್ನುಗಟ್ಟಲೆ ಸಾಮಗ್ರಿಗಳೊಡನೆ ಲೋಕಸಂಚಾರ ಮಾಡಿ, 1964ರಲ್ಲಿ ಪದ್ಮಶ್ರೀ ಪಡೆದು, ಜಪಾನಿನ ಪ್ರವಾಸದಲ್ಲಿಯೇ ದೇಹ ಬಿಟ್ಟರು. ಟಿಕೀಟಿನ ವ್ಯವಸ್ಥೆಯಲ್ಲಿ ಚೌಕಾಸಿಗೆ ಅವಕಾಶವಿಲ್ಲ. ನೋಡುವವನು ನೋಡುವ ಮುನ್ನ ಹಣ ತೆತ್ತಿರುತ್ತಾನೆ. ಕೇರಳದ ಗೋಪಿನಾಥ್ ಮುದುಕಾಡ್ ಅವರು 2014ರಲ್ಲಿ ತಿರುವನಂತಪುರದ ಬಳಿ ತೆರೆದ ಮ್ಯಾಜಿಕ್ ಪ್ಲಾನೆಟ್ ಎಂಬ ಸಂಸ್ಥೆಯು ಬೀದಿಯ ಜಾದೂಗಾರರಿಗೆ ಒಂದೇ ಸ್ಥಳದಲ್ಲಿ ಉದ್ಯೋಗ ಕಲ್ಪಿಸಿದುದು ಮತ್ತೊಂದು ಮಾರ್ಗ. ಮಂಗಳೂರಿನ ಕುದ್ರೋಳಿ ಗಣೇಶರಂತಹ ಕೆಲವರು ಕರ್ನಾಟಕದಲ್ಲಿಯೂ ಜಾದೂ ವೃತ್ತಿಗೆ ಗೌರವ ತಂದಿದ್ದಾರೆ.

ಆದರೆ ಟಿಕೀಟಿನ ರಂಗಮಂದಿರ ಎಲ್ಲ ಊರಿನಲ್ಲಿಯೂ ಇರುವುದಿಲ್ಲ. ಮಾಗಡಿ ತಾಲ್ಲೂಕಿನ ಕೆಂಪಾಪುರವನ್ನೇ ತೆಗೆದುಕೊಳ್ಳಬಹುದು. 2015ರಲ್ಲಿ ಕೆಂಪೇಗೌಡರ ಸಮಾಧಿ ಬೆಳಕಿಗೆ ಬಂದ ಮೇಲೆ ಈ ಗ್ರಾಮದ ಹೆಸರು ನಾಡಿಗೆ ತಿಳಿಯಿತು. ಇಂತಹ ಗ್ರಾಮಕ್ಕೆ ಜಾದೂಗಾರನು ಬರುವುದಾದರೆ ಶಾಲೆಯೋ ಸಂಘವೋ ಕರೆಸಬೇಕು. ಕರೆಸುವವರ ಮಾತಿನ ಕ್ರಮ ಎಲ್ಲೆಡೆಯೂ ಒಂದೇ. ಒಂದು ಗಂಟೆಯ ಆಟಕ್ಕೆ ಇಷ್ಟೇಕೆ. ಮಕ್ಕಳ ಕಾರ್ಯಕ್ರಮ, ಧರ್ಮದ ಕೆಲಸ. ಪತ್ರಿಕೆಯಲ್ಲಿ ಹೆಸರು ಬರುತ್ತದೆ, ಪ್ರಚಾರ ಸಿಗುತ್ತದೆ. ವೇದಿಕೆಯಲ್ಲಿ ಶಾಲು ಹೊದಿಸಿ ಫಲತಾಂಬೂಲ ಕೊಡುತ್ತೇವೆ. ಇದೇ ಸಮಿತಿಯು ಪೆಂಡಾಲಿನವನಿಗಾಗಲಿ ಮೈಕ್‌ಸೆಟ್ಟಿನವನಿಗಾಗಲಿ ಧರ್ಮದ ಮಾತನ್ನು ಹೇಳುವುದಿಲ್ಲ. ಹೇಳಿದರೆ ಅವನು ಕಂಬ ಕಿತ್ತುಕೊಂಡು ಹೋಗುತ್ತಾನೆ.

ಒಂದು ಗಂಟೆಯ ಆಟದ ಹಿಂದಿರುವ ಲೆಕ್ಕವನ್ನು ಉದಾಹರಣೆಯ ಅಂಕಿಗಳಿಂದ ವಿವರಿಸಬಹುದು. ಶಾಲೆಗಳ ವಾರ್ಷಿಕೋತ್ಸವಗಳು ಬಹುಮಟ್ಟಿಗೆ ಡಿಸೆಂಬರಿನಿಂದ ಫೆಬ್ರವರಿಯವರೆಗೆ ನಡೆಯುತ್ತವೆ. ಮಳೆಗಾಲದಲ್ಲಿ ಕೆಲಸ ವಿರಳ. ಬೆಂಗಳೂರಿನಲ್ಲಿರುವ ಜಾದೂಗಾರನೊಬ್ಬನಿಗೆ ವರ್ಷದಲ್ಲಿ 80 ಪ್ರದರ್ಶನಗಳು ದೊರೆಯುತ್ತವೆಂದು ಭಾವಿಸೋಣ. ಸಂಸಾರಕ್ಕೆ ತಿಂಗಳಿಗೆ 30,000 ರೂಪಾಯಿಯಂತೆ ವರ್ಷಕ್ಕೆ 3,60,000. ಸಾಮಗ್ರಿಗಳ ಖರೀದಿ, ದುರಸ್ತಿ, ಉಡುಪುಗಳಿಗೆ 60,000. ಇದನ್ನು 80ರಿಂದ ಭಾಗಿಸಿದರೆ ಒಂದು ಪ್ರದರ್ಶನಕ್ಕೆ 5,250 ರೂಪಾಯಿ. ಇಬ್ಬರು ಸಹಾಯಕರಿಗೆ ತಲಾ 800ರಂತೆ 1,600. ಕೆಂಪಾಪುರಕ್ಕೆ ಪೆಟ್ಟಿಗೆಗಳೊಡನೆ ಹೋಗಿಬರುವ ವಾಹನಕ್ಕೆ 2,000. ಒಟ್ಟು 8,850. ಇದರಲ್ಲಿ ಕಾಯಿಲೆ ಕಸಾಲೆಗಾಗಲಿ ವೃದ್ಧಾಪ್ಯಕ್ಕಾಗಲಿ ಬಿಡಿಗಾಸಿನ ಉಳಿತಾಯವೂ ಇಲ್ಲ. ಈಗ ಸಮಿತಿಯು ಚೌಕಾಸಿ ಮಾಡಿ 3,000 ರೂಪಾಯಿಗೆ ಒಪ್ಪಿಸಿತೆನ್ನೋಣ. ಸಹಾಯಕರಿಗೂ ವಾಹನಕ್ಕೂ 3,600 ತೆರಲೇಬೇಕು. ಅಂದರೆ ಕಲಾವಿದನು ತನ್ನ ಕೈಯಿಂದ 600 ರೂಪಾಯಿ ಕೊಟ್ಟು, ಮಕ್ಕಳನ್ನು ನಗಿಸಿ, ಶಾಲು ಹೊದ್ದು ಮನೆಗೆ ಹೋದಂತಾಯಿತು. ತನ್ನ ಗಳಿಕೆಯನ್ನು ದಾಸೋಹಕ್ಕೆ ಅರ್ಪಿಸುವುದು ಮಹತ್ತಾದ ಕಾರ್ಯ. ಪರರ ಕಿಸೆಯಿಂದ ದಾಸೋಹ ನಡೆಸಲು ಯಾರಿಗೂ ಅಧಿಕಾರವಿಲ್ಲ. ಕಲಾವಿದನು ತಾನಾಗಿಯೇ ಬಡಶಾಲೆಯೊಂದಕ್ಕೆ ಉಚಿತವಾಗಿ ಆಡುತ್ತೇನೆಂದರೆ ಅದು ಅವನ ದಾನ. ಆಗ ಆಹ್ವಾನಪತ್ರಿಕೆಯ ದಾನಿಗಳ ಪಟ್ಟಿಯಲ್ಲಿ ಅವನ ಹೆಸರನ್ನೂ ಅಚ್ಚುಹಾಕಿಸುವುದು ನ್ಯಾಯ.

ವೃತ್ತಿಯವರ ಕಡೆಯಿಂದಲೂ ಲೋಪಗಳುಂಟು. ಎದುರಾಳಿಗೆ ಕೆಲಸ ಸಿಗಬಾರದೆಂದು ದರ ಇಳಿಸುವವನು ನಾಳೆ ತಾನೇ ಆ ದರಕ್ಕೆ ಸಿಕ್ಕಿಬೀಳುತ್ತಾನೆ. ಬೇರೆ ಉದ್ಯೋಗದ ಸಂಬಳವಿರುವ ಹವ್ಯಾಸಿಯು ಸಂತೋಷಕ್ಕೆಂದು ಪುಕ್ಕಟೆ ಆಡಿದಾಗ ಅದೇ ಊರಿನ ವೃತ್ತಿಗಾರನ ಒಲೆಗೆ ನೀರು ಬೀಳುತ್ತದೆಂಬುದನ್ನು ಅವನು ಯೋಚಿಸಿರುವುದಿಲ್ಲ. ಒಪ್ಪಿದ ಆಟಗಳನ್ನು ಬಿಟ್ಟು ಅರ್ಧ ಗಂಟೆಗೇ ಮುಗಿಸುವವರೂ ಇಲ್ಲದಿಲ್ಲ.

ಈ ಪ್ರಶ್ನೆಗೆ ಇನ್ನೂ ಗಹನವಾದ ಮುಖವೊಂದಿದೆ. ಶೂನ್ಯದಿಂದ ಉಂಗುರವನ್ನು ತೆಗೆದವನು ಇದು ಕೈಚಳಕವೆಂದು ಒಪ್ಪಿಕೊಂಡರೆ ಅವನಿಗೆ ದೊರೆಯುವುದು ಚೌಕಾಸಿಯ ದರ. ಅದೇ ಉಂಗುರವನ್ನು ಅದೇ ಬೆರಳುಗಳಿಂದ ತೆಗೆದು ಇದು ದಿವ್ಯಶಕ್ತಿಯೆಂದವನಿಗೆ ಕಾಣಿಕೆ ಹರಿದುಬರುತ್ತದೆ. ಅಲ್ಲಿ ಲೆಕ್ಕ ಕೇಳುವವರಿಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿಯನ್ನು ರಚಿಸಿದಾಗ ನಾಡಿನಾದ್ಯಂತ ಚರ್ಚೆ ನಡೆಯಿತು. ಸತ್ಯಾಸತ್ಯದ ಪ್ರಶ್ನೆ ಆಗ ಮುನ್ನೆಲೆಯಲ್ಲಿತ್ತು. ಅದರ ಬೆನ್ನಿಗೇ ಇರುವ ಆರ್ಥಿಕ ಪ್ರಶ್ನೆಯೂ ಅಷ್ಟೇ ತೂಕದ್ದು. ಇದು ನನ್ನ ವಿದ್ಯೆ ಎಂದು ಸತ್ಯ ನುಡಿಯುವವನಿಗೆ ಸಮಾಜವು ಅರೆಹೊಟ್ಟೆಯನ್ನು ಕೊಟ್ಟು, ಸುಳ್ಳು ನುಡಿಯುವವನಿಗೆ ಮೃಷ್ಟಾನ್ನವನ್ನು ಬಡಿಸಿದರೆ ಪ್ರಾಮಾಣಿಕತೆಗೆ ದಂಡ ವಿಧಿಸಿದಂತೆ. ವಿಜ್ಞಾನದ ಪಾಠ ಹೇಳುವ ಶಾಲೆಯು ಜಾದೂಗಾರನಿಗೆ ಪೂರ್ಣ ಸಂಭಾವನೆ ಕೊಡುವುದು ಆ ಪಾಠದ ಒಂದು ಅಂಗವೇ ಸರಿ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಪ್ರದರ್ಶನವನ್ನೇ ಕಾಯಕವಾಗಿಸಿಕೊಂಡವರೂ ಇದ್ದರು. ಬಹುರೂಪದ ಆಟವನ್ನು ಆಡುತ್ತಿದ್ದ ಬಹುರೂಪಿ ಚೌಡಯ್ಯ, ಜನರನ್ನು ನಗಿಸುತ್ತಿದ್ದ ನಗೆಯ ಮಾರಿತಂದೆ ಇವರ ವಚನಗಳು ಉಪಲಬ್ಧವಾಗಿವೆ. ಮಡಿವಾಳನ, ಅಂಬಿಗನ ಕಾಯಕಗಳ ಸಾಲಿನಲ್ಲಿಯೇ ಇವರ ಕಾಯಕಕ್ಕೂ ಸ್ಥಾನವಿತ್ತು. ಪ್ರತಿಫಲದ ವಿಚಾರ ಬಂದಾಗ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ಉದಾಹರಿಸುವುದು ವಾಡಿಕೆ. ಪತಿ ಮಾರಯ್ಯನು ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆಕೆ ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಹೇಳಿದಳು. ದುಡಿಯುವವರಿಗೆ ಅಲ್ಪತೃಪ್ತಿಯನ್ನು ಬೋಧಿಸಲು ಈ ಕಥೆಯನ್ನು ಬಳಸುವವರು ಒಂದಂಶವನ್ನು ಮರೆಯುತ್ತಾರೆ. ಅಲ್ಲಿ ಕೊಡುವವರು ಕಡಿಮೆ ಕೊಟ್ಟಿರಲಿಲ್ಲ, ಹೆಚ್ಚಾಗಿಯೇ ಚೆಲ್ಲಿಸಿದ್ದರು. ಬೇಡವೆನ್ನುವ ಹಿರಿಮೆ ಲಕ್ಕಮ್ಮನದಾಯಿತು. ಕೊಡುವವನೇ ಮೊದಲು ಕೈ ಬಿಗಿಹಿಡಿದರೆ ಆ ಹಿರಿಮೆಗೆ ಎಡೆಯೇ ಇರುವುದಿಲ್ಲ.

ಬಯಲಾಟದವರನ್ನೋ ವಾದ್ಯದವರನ್ನೋ ಗೊತ್ತುಮಾಡುವಾಗ ವೀಳ್ಯ ಕೊಡುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದಲೂ ಇದೆ. ಎಲೆಯಡಿಕೆಯೊಡನೆ ಸಂಚಕಾರದ ಹಣವಿಟ್ಟು ಕೊಟ್ಟರೆ ಮಾತು ಕಟ್ಟುಬಿದ್ದಂತೆ. ಕರೆದವರೂ ತಪ್ಪುವಂತಿಲ್ಲ, ಬರುವವರೂ ತಪ್ಪುವಂತಿಲ್ಲ. ಜಾದೂಗಾರನ ವಿಷಯದಲ್ಲಿಯೂ ಇದಕ್ಕಿಂತ ಹೊಸದೇನೂ ಬೇಕಾಗಿಲ್ಲ. ದಿನಾಂಕ, ಅವಧಿ, ಸಹಾಯಕರ ಸಂಖ್ಯೆ, ವಾಹನದ ವೆಚ್ಚ, ಮಳೆ ಬಂದು ಕಾರ್ಯಕ್ರಮ ನಿಂತರೆ ಕೊಡಬೇಕಾದುದೇನು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಉಭಯರೂ ಸಹಿ ಮಾಡಿ, ಮೂರನೆಯ ಒಂದಂಶವನ್ನು ಮುಂಗಡವಾಗಿ ಕೊಟ್ಟು, ಉಳಿದುದನ್ನು ಅವನು ಪೆಟ್ಟಿಗೆ ಕಟ್ಟುವ ಮುನ್ನ ಸಲ್ಲಿಸಬೇಕು. ಅಧ್ಯಕ್ಷರು ಊಟಕ್ಕೆ ಕುಳಿತಿದ್ದಾರೆ, ಖಜಾಂಚಿಗಳು ಮನೆಗೆ ಹೋದರು, ನಾಳೆ ಬನ್ನಿ ಎಂಬ ಮಾತಿಗೆ ರಾತ್ರಿ ಹತ್ತು ಗಂಟೆಯ ಮೇಲೆ ಮಾಗಡಿಯ ರಸ್ತೆ ಹಿಡಿಯಬೇಕಾದವನ ಬಳಿ ಉತ್ತರವಿರುವುದಿಲ್ಲ. ಶಾಲೆಯ ಲೆಕ್ಕದ ಪುಸ್ತಕದಲ್ಲಿ ಅವನಿಗೆ ಕೊಟ್ಟ ಹಣವನ್ನು ಸಾಮಾನ್ಯವಾಗಿ ಇತರೆ ವೆಚ್ಚವೆಂಬ ಕಲಮಿನಲ್ಲಿ ಹಾರ, ಹೂವು, ಕರ್ಪೂರಗಳೊಡನೆ ಬರೆಯುವುದುಂಟು. ಡಿಸೆಂಬರಿನ ಸಭೆಯಲ್ಲಿ ವೆಚ್ಚದ ಅಂದಾಜುಪಟ್ಟಿಯನ್ನು ಸಿದ್ಧಪಡಿಸುವಾಗಲೇ ಮುದ್ರಣ, ಪೆಂಡಾಲು, ಅಡುಗೆಯವರ ಕೂಲಿ ಇವುಗಳ ಪಕ್ಕದಲ್ಲಿ ಅದಕ್ಕೊಂದು ಪ್ರತ್ಯೇಕ ಸಾಲು ಹಾಕಲು ಕಾರ್ಯದರ್ಶಿಗಳಿಗೆ ಅರ್ಧ ನಿಮಿಷ ಸಾಕು.